ಓದುಗರ ಪ್ರಶ್ನೆ, ನಮ್ಮ ಉತ್ತರ: ಕುಬರ್ನೆಟಿಸ್ ಮೇಲೆ ಎಡಬ್ಲ್ಯುಎಕ್ಸ್ ಕೂರಿಸುವಾಗ

ಆನ್ಸಿಬಲ್ ಪ್ಲೇಬುಕ್‌ಗಳನ್ನು (ಸರ್ವರ್‌ಗಳ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿಗಳನ್ನು) ಬ್ರೌಸರ್‌ನಿಂದಲೇ ಓಡಿಸಲು, ಯಾರು ಯಾವಾಗ ಏನು ಓಡಿಸಿದರೆಂದು ದಾಖಲೆ ಇಡಲು ಎಡಬ್ಲ್ಯುಎಕ್ಸ್ ಬಳಸುತ್ತಾರೆ. ಅದನ್ನು ಕುಬರ್ನೆಟಿಸ್ ಕ್ಲಸ್ಟರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಓಡಿಸುವ ಮಷೀನ್‌ಗಳ ಗುಂಪು) ಮೇಲೆ ಕೂರಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳು ಆಪರೇಟರ್ 2.19.1, ಎಡಬ್ಲ್ಯುಎಕ್ಸ್ 24.6.1 ಆವೃತ್ತಿಗಳಿಗೆ ಅನ್ವಯಿಸುತ್ತವೆ. ಆಜ್ಞೆ, ಕೀಲಿಪದಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಕಡತದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಅಂಡರ್‌ಸ್ಕೋರ್ ಇದ್ದಲ್ಲಿ ಇದ್ದ ಹಾಗೇ ಬರೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಅದನ್ನು ಹೇಳಿದ್ದೇವೆ.

ಪ್ರ: ನಮ್ಮಲ್ಲಿ 4 ಕೋರ್, 8 ಜಿಬಿ ಮೆಮೊರಿಯ ಒಂದೇ ವರ್ಚುವಲ್ ಮಷೀನ್ ಇದೆ. ಹಿಂದೆ ಡಾಕರ್ ಕಂಪೋಸ್‌ನಲ್ಲಿ ಎಡಬ್ಲ್ಯುಎಕ್ಸ್ ಓಡಿಸುತ್ತಿದ್ದೆವು. ಈಗ ಎಲ್ಲರೂ ಆಪರೇಟರ್ ಅನ್ನುತ್ತಾರೆ. ಈ ಆಪರೇಟರ್ ಮಾಡುವುದೇನು? ಎಲ್ಲಿಂದ ಶುರು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉ: 2021ರಲ್ಲಿ ಬಂದ 18ನೇ ಆವೃತ್ತಿಯಿಂದ ಆಪರೇಟರ್ ಮೂಲಕ ಕೂರಿಸುವುದೇ ಅಧಿಕೃತ ದಾರಿ. ಕಂಪೋಸ್ ಈಗ ಎಡಬ್ಲ್ಯುಎಕ್ಸ್‌ನ ಕೋಡ್ ಬರೆಯುವವರ ಅನುಕೂಲಕ್ಕಷ್ಟೇ ಉಳಿದಿದೆ.

ಆಪರೇಟರ್ ಎಂದರೆ ಕ್ಲಸ್ಟರ್ ಒಳಗೇ ಸದಾ ಓಡುತ್ತಿರುವ ಒಂದು ಪ್ರೋಗ್ರಾಂ. ನಿಮಗೆ ಎಂಥ ಎಡಬ್ಲ್ಯುಎಕ್ಸ್ ಬೇಕೆಂದು ಹತ್ತು ಸಾಲಿನ ಯಾಮಲ್ ಕಡತದಲ್ಲಿ ಬರೆದುಕೊಟ್ಟರೆ ಸಾಕು. ಡೇಟಾಬೇಸ್, ಸೀಕ್ರೆಟ್‌ಗಳು (ಗುಪ್ತಪದ, ಕೀ ಇಡುವ ಜಾಗ), ವೆಬ್ ಪಾಡ್, ಟಾಸ್ಕ್ ಪಾಡ್, ಸರ್ವಿಸ್ ಎಲ್ಲವನ್ನೂ ಅದೇ ಕಟ್ಟುತ್ತದೆ. ಪಾಡ್ ಎಂದರೆ ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು. ಆಮೇಲೂ ಕಣ್ಣಿಟ್ಟು ಕಾಯುತ್ತದೆ. ಎಡಬ್ಲ್ಯುಎಕ್ಸ್‌ನ ಈ ಆಪರೇಟರ್ ಅನ್ನು ಬರೆದಿರುವುದೂ ಆನ್ಸಿಬಲ್‌ನಲ್ಲೇ. ಹಾಗಾಗಿ ಅದರ ಲಾಗ್ ಥೇಟ್ ಪ್ಲೇಬುಕ್ ಓಡಿದ ಹಾಗೆ ಕಾಣುತ್ತದೆ. ಆನ್ಸಿಬಲ್ ಬಲ್ಲವರಿಗೆ ಇದು ದೊಡ್ಡ ಅನುಕೂಲ.

ನಿಮ್ಮ ಮಷೀನ್ ಸಾಲುತ್ತದೆ. ಮಿನಿಕ್ಯೂಬ್ ಮೇಲೆ ಪರೀಕ್ಷಿಸುವವರಿಗೆ ಯೋಜನೆಯ ದಾಖಲೆಯೇ 4 ಸಿಪಿಯು, 6 ಜಿಬಿ ಹೇಳುತ್ತದೆ. ಡಿಸ್ಕ್ ಮಾತ್ರ 40 ಜಿಬಿಗೆ ಕಡಿಮೆ ಬೇಡ. ಒಂಟಿ ಮಷೀನ್‌ಗೆ ಕೆ3ಎಸ್ ಎಂಬ ಹಗುರ ಕುಬರ್ನೆಟಿಸ್ ಸರಿಯಾದ ಆಯ್ಕೆ. ಮಷೀನ್‌ನ ಡಿಸ್ಕ್‌ನಲ್ಲೇ ಡೇಟಾಗೆ ಜಾಗ ಮಾಡಿಕೊಡುವ ಲೋಕಲ್ ಪಾತ್ ಸ್ಟೋರೇಜ್ ಕ್ಲಾಸ್ ಅದರ ಜೊತೆಗೇ ಬರುತ್ತದೆ.

ಒಂದು ಖಾಲಿ ಫೋಲ್ಡರ್ ಮಾಡಿ, ಅದರಲ್ಲಿ ಕಸ್ಟಮೈಸೇಷನ್.ಯಾಮಲ್ ಕಡತ ಬರೆಯಿರಿ. ಈ ಹೆಸರು ಕೆ ಅಕ್ಷರದಿಂದ ಶುರುವಾಗುತ್ತದೆ, ಸಿ ಅಲ್ಲ. ರಿಸೋರ್ಸಸ್ ಅಡಿಯಲ್ಲಿ ಗಿಟ್‌ಹಬ್‌ನ ಆನ್ಸಿಬಲ್/ಎಡಬ್ಲ್ಯುಎಕ್ಸ್-ಆಪರೇಟರ್ ಭಂಡಾರದ ಕಾನ್ಫಿಗ್/ಡೀಫಾಲ್ಟ್ ವಿಳಾಸ, ಅದರ ಕೊನೆಗೆ ರೆಫ್=2.19.1. ಇಮೇಜಸ್ ಅಡಿಯಲ್ಲಿ ಕ್ವೇ.ಐಒ/ಆನ್ಸಿಬಲ್/ಎಡಬ್ಲ್ಯುಎಕ್ಸ್-ಆಪರೇಟರ್, ಅದರ ನ್ಯೂಟ್ಯಾಗ್ (ಇಲ್ಲಿ ಟಿ ದೊಡ್ಡಕ್ಷರ) ಅದೇ 2.19.1. ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಪ್ರತ್ಯೇಕ ವಿಭಾಗ) ಎಡಬ್ಲ್ಯುಎಕ್ಸ್. ಆ ನೇಮ್‌ಸ್ಪೇಸ್ ಅನ್ನು ಮೊದಲೇ ಸೃಷ್ಟಿಸಿ, «ಕ್ಯೂಬ್‌ಸಿಟಿಎಲ್ ಅಪ್ಲೈ -ಕೆ .» ಕೊಡಿ. ಕೊನೆಯ ಚುಕ್ಕೆಯೂ ಆಜ್ಞೆಯ ಭಾಗ.

ಆಪರೇಟರ್ ಪಾಡ್ 2/2 ರನ್ನಿಂಗ್ (ಎರಡು ಕಂಟೇನರ್‌ಗಳಲ್ಲಿ ಎರಡೂ ಸಿದ್ಧ) ಆದ ಮೇಲೆ ಎರಡನೇ ಕಡತ. ಆಗದಿದ್ದರೆ ಮುಂದಿನ ಉತ್ತರ ನೋಡಿ. ಎಪಿಐವರ್ಷನ್ (ಒಂದೇ ಪದ, ವರ್ಷನ್‌ನ ವಿ ದೊಡ್ಡಕ್ಷರ) ಎಡಬ್ಲ್ಯುಎಕ್ಸ್.ಆನ್ಸಿಬಲ್.ಕಾಮ್/ವಿ1ಬೀಟಾ1, ಕೈಂಡ್ ದೊಡ್ಡಕ್ಷರದ ಎಡಬ್ಲ್ಯುಎಕ್ಸ್, ಹೆಸರು ಎಡಬ್ಲ್ಯುಎಕ್ಸ್-ಡೆಮೊ ಎಂದಿಟ್ಟುಕೊಳ್ಳೋಣ. ಸ್ಪೆಕ್ ಅಡಿಯಲ್ಲಿ ಸರ್ವಿಸ್_ಟೈಪ್: ನೋಡ್‌ಪೋರ್ಟ್, ನೋಡ್‌ಪೋರ್ಟ್_ಪೋರ್ಟ್: 30080. ಈ ಕಡತವನ್ನು ರಿಸೋರ್ಸಸ್ ಪಟ್ಟಿಗೆ ಸೇರಿಸಿ ಮತ್ತೆ ಅದೇ ಆಜ್ಞೆ ಕೊಡಿ. ಎರಡನ್ನೂ ಮೊದಲ ಸಲವೇ ಒಟ್ಟಿಗೆ ಹಾಕಿದರೆ ಎಡಬ್ಲ್ಯುಎಕ್ಸ್ ಎಂಬ ಕೈಂಡ್ ಇಲ್ಲವೆಂದು ಕ್ಲಸ್ಟರ್ ತಕರಾರು ಮಾಡುತ್ತದೆ. ಆ ಕೈಂಡ್‌ನ ವ್ಯಾಖ್ಯೆ ಆಪರೇಟರ್ ಜೊತೆಗೆ ಬರುವಂಥದ್ದು, ಅದಿನ್ನೂ ನೋಂದಣಿಯಾಗಿರುವುದಿಲ್ಲ. ಇನ್ನೊಮ್ಮೆ ಅದೇ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.

ಆಮೇಲೆ ಸುಮ್ಮನೆ ಕೂರಬೇಡಿ, ಆಪರೇಟರ್‌ನ ಲಾಗ್ ನೋಡುತ್ತಿರಿ: «ಕ್ಯೂಬ್‌ಸಿಟಿಎಲ್ ಲಾಗ್ಸ್ -ಎಫ್ ಡಿಪ್ಲಾಯ್‌ಮೆಂಟ್ಸ್/ಎಡಬ್ಲ್ಯುಎಕ್ಸ್-ಆಪರೇಟರ್-ಕಂಟ್ರೋಲರ್-ಮ್ಯಾನೇಜರ್ -ಸಿ ಎಡಬ್ಲ್ಯುಎಕ್ಸ್-ಮ್ಯಾನೇಜರ್ -ಎನ್ ಎಡಬ್ಲ್ಯುಎಕ್ಸ್». ಕೊನೆಗೆ ಪ್ಲೇ ರೀಕ್ಯಾಪ್ ಸಾಲಿನಲ್ಲಿ ಫೇಲ್ಡ್=0 ಬಂದರೆ ಆಪರೇಟರ್ ತನ್ನ ಕೆಲಸ ಮುಗಿಸಿದೆ ಎಂದರ್ಥ. ಪೋಸ್ಟ್‌ಗ್ರೆಸ್ 1/1, ವೆಬ್ 3/3, ಟಾಸ್ಕ್ 4/4, ಹೆಸರಿನಲ್ಲಿ ಮೈಗ್ರೇಷನ್ ಇರುವ ಪಾಡ್ ಕಂಪ್ಲೀಟೆಡ್ – ಹೀಗೆ ಕಾಣಬೇಕು. ಅಡ್ಮಿನ್ ಗುಪ್ತಪದ ಎಡಬ್ಲ್ಯುಎಕ್ಸ್-ಡೆಮೊ-ಅಡ್ಮಿನ್-ಪಾಸ್‌ವರ್ಡ್ ಎಂಬ ಸೀಕ್ರೆಟ್‌ನಲ್ಲಿರುತ್ತದೆ, ಬೇಸ್64ರಿಂದ ಬಿಡಿಸಿ ಓದಿಕೊಳ್ಳಿ.

ಪ್ರ: ಆಪರೇಟರ್ ಪಾಡ್ 1/2ರಲ್ಲೇ ನಿಂತಿದೆ, ಇಮೇಜ್‌ಪುಲ್‌ಬ್ಯಾಕ್‌ಆಫ್ ತೋರಿಸುತ್ತಿದೆ. ಇಂಟರ್‌ನೆಟ್ ಸರಿಯಾಗಿಯೇ ಇದೆ.
– ಓದುಗರು, ಮೈಸೂರು

ಉ: ಆ ಪಾಡ್‌ನಲ್ಲಿ ಎರಡು ಕಂಟೇನರ್‌ಗಳಿವೆ: ಕೆಲಸ ಮಾಡುವ ಮ್ಯಾನೇಜರ್ ಒಂದು, ಮೆಟ್ರಿಕ್ಸ್ ಬಾಗಿಲು ಕಾಯುವ ಕ್ಯೂಬ್-ಆರ್‌ಬ್ಯಾಕ್-ಪ್ರಾಕ್ಸಿ ಇನ್ನೊಂದು. ಎರಡನೆಯದರ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ಬರುತ್ತಿದ್ದುದು ಜಿಸಿಆರ್.ಐಒ/ಕ್ಯೂಬ್‌ಬಿಲ್ಡರ್ ವಿಳಾಸದಿಂದ. ಗೂಗಲ್ ಕಂಟೇನರ್ ರಿಜಿಸ್ಟ್ರಿ 2025ರಲ್ಲಿ ಮುಚ್ಚಿತು, ಆ ವಿಳಾಸವೂ ಅದರ ಜೊತೆಗೇ ಹೋಯಿತು. ಹಳೆಯ ಸೂಚನೆಗಳನ್ನು ಅಕ್ಷರಶಃ ಪಾಲಿಸಿದವರೆಲ್ಲ ಇಲ್ಲೇ ಎಡವುತ್ತಾರೆ.

ಕಸ್ಟಮೈಸೇಷನ್ ಕಡತದ ಇಮೇಜಸ್ ಪಟ್ಟಿಗೆ ಇನ್ನೊಂದು ನಮೂದು ಸೇರಿಸಿ. ನೇಮ್ ಎಂದಿರುವಲ್ಲಿ ಜಿಸಿಆರ್.ಐಒ/ಕ್ಯೂಬ್‌ಬಿಲ್ಡರ್/ಕ್ಯೂಬ್-ಆರ್‌ಬ್ಯಾಕ್-ಪ್ರಾಕ್ಸಿ, ನ್ಯೂನೇಮ್ (ಇಲ್ಲಿ ನೇಮ್‌ನ ಎನ್ ದೊಡ್ಡಕ್ಷರ) ಎಂದಿರುವಲ್ಲಿ ಕ್ವೇ.ಐಒ/ಬ್ರಾಂಜ್/ಕ್ಯೂಬ್-ಆರ್‌ಬ್ಯಾಕ್-ಪ್ರಾಕ್ಸಿ. ಬ್ರಾಂಜ್‌ನ ಕೊನೆಯ ಅಕ್ಷರಗಳು ಸಿ, ಜೆಡ್. ಟ್ಯಾಗ್ ಅನ್ನು ಕ್ವೇ ಪುಟದಲ್ಲಿ ಇರುವುದನ್ನು ನೋಡಿಯೇ ಹಾಕಿ, ಊಹಿಸಿ ಹಾಕಬೇಡಿ. ಮತ್ತೆ ಅಪ್ಲೈ ಕೊಟ್ಟರೆ ಹೊಸ ಪಾಡ್ 2/2 ಆಗಿ ಏಳುತ್ತದೆ. ಹೊರಜಾಲವೇ ಇಲ್ಲದ ಕಚೇರಿಗಳಲ್ಲೂ ಇದೇ ಉಪಾಯ: ಬೇಕಾದ ಇಮೇಜ್‌ಗಳನ್ನು ಒಳಗಿನ ರಿಜಿಸ್ಟ್ರಿಗೆ ತಂದಿಟ್ಟುಕೊಂಡು ನ್ಯೂನೇಮ್ ಆ ಕಡೆಗೆ ತಿರುಗಿಸುವುದು. ಎಡಬ್ಲ್ಯುಎಕ್ಸ್, ಪೋಸ್ಟ್‌ಗ್ರೆಸ್, ರೆಡಿಸ್, ಎಡಬ್ಲ್ಯುಎಕ್ಸ್-ಇಇ ಇಮೇಜ್‌ಗಳ ವಿಳಾಸ ಮಾತ್ರ ಸ್ಪೆಕ್‌ನಲ್ಲಿ ಬದಲಾಗಬೇಕು, ಏಕೆಂದರೆ ಅವುಗಳನ್ನು ತರಿಸುವುದು ಆಪರೇಟರ್.

ಪ್ರ: ಪೋಸ್ಟ್‌ಗ್ರೆಸ್ ಪಾಡ್ ಕ್ರ್ಯಾಶ್‌ಲೂಪ್ ಆಗುತ್ತಿದೆ, ಎದ್ದೆದ್ದು ಬೀಳುತ್ತಿದೆ. ಡೇಟಾಬೇಸ್ ಇಲ್ಲದೆ ವೆಬ್, ಟಾಸ್ಕ್ ಎರಡೂ ಮೇಲೇಳುತ್ತಿಲ್ಲ. ಅಳಿಸಿ ಮತ್ತೆ ಹಾಕಿದರೂ ಅದೇ ಗತಿ.
– ಓದುಗರು, ಮಂಗಳೂರು

ಉ: ಮೊದಲು «ಕ್ಯೂಬ್‌ಸಿಟಿಎಲ್ ಲಾಗ್ಸ್ ಎಡಬ್ಲ್ಯುಎಕ್ಸ್-ಡೆಮೊ-ಪೋಸ್ಟ್‌ಗ್ರೆಸ್-15-0 -ಎನ್ ಎಡಬ್ಲ್ಯುಎಕ್ಸ್» ಕೊಟ್ಟು ಅದು ಸಾಯುವ ಮುಂಚೆ ಏನು ಹೇಳಿತೆಂದು ಓದಿ. ಸಾಮಾನ್ಯವಾಗಿ ಕಾಣುವುದು ಎರಡರಲ್ಲೊಂದು.

/ವಾರ್/ಲಿಬ್/ಪಿಜಿಎಸ್‌ಕ್ಯುಎಲ್/ಡೇಟಾ/ಯೂಸರ್‌ಡೇಟಾ ಫೋಲ್ಡರ್ ಮಾಡಲಾಗಲಿಲ್ಲ, ಪರ್ಮಿಷನ್ ಡಿನೈಡ್ – ಹೀಗಿದ್ದರೆ ಅದು ಒಡೆತನದ ಜಗಳ. ಪೋಸ್ಟ್‌ಗ್ರೆಸ್ 13ರಿಂದ 15ಕ್ಕೆ ಬದಲಾದಾಗ ಇಮೇಜ್ ಕೂಡ ಬೇರೆಯಾಯಿತು. ಈಗಿನದು ರೂಟ್ ಆಗಿ ಓಡುವುದಿಲ್ಲ, 26ನೇ ಸಂಖ್ಯೆಯ ಬಳಕೆದಾರನಾಗಿ ಓಡುತ್ತದೆ. ಕೆ3ಎಸ್‌ನ ಲೋಕಲ್ ಪಾತ್ ಎಲ್ಲರಿಗೂ ಬರೆಯಲು ಬಿಡುವ ಫೋಲ್ಡರ್ ಮಾಡಿಕೊಡುವುದರಿಂದ ಅಲ್ಲಿ ಈ ತೊಂದರೆ ಕಾಣುವುದಿಲ್ಲ. ಹೋಸ್ಟ್‌ಪಾತ್ ವಾಲ್ಯೂಮ್ ನೀವೇ ಮಾಡಿದ್ದರೆ ಆ ಫೋಲ್ಡರ್ ರೂಟ್ ಹೆಸರಿನಲ್ಲಿರುತ್ತದೆ, 26ಕ್ಕೆ ಒಳಗೆ ಜಾಗವಿಲ್ಲ. ನೋಡ್ (ಕ್ಲಸ್ಟರ್‌ನ ಮಷೀನ್) ಮೇಲೆ «ಚೋನ್ 26:0», «ಚ್‌ಮಾಡ್ 700» ಕೊಟ್ಟರೆ ಮುಗಿಯಿತು. ನೋಡ್ ಮುಟ್ಟುವ ಅಧಿಕಾರ ಇಲ್ಲದಿದ್ದರೆ ಸ್ಪೆಕ್‌ನಲ್ಲಿ ಪೋಸ್ಟ್‌ಗ್ರೆಸ್_ಡೇಟಾ_ವಾಲ್ಯೂಮ್_ಇನಿಟ್: ಟ್ರೂ ಎಂದು ಬರೆಯಿರಿ, ಪೋಸ್ಟ್‌ಗ್ರೆಸ್‌ಗಿಂತ ಮೊದಲು ಒಂದು ಇನಿಟ್ ಕಂಟೇನರ್ ರೂಟ್ ಆಗಿ ಓಡಿ ಒಡೆತನ ಬದಲಿಸಿ ಹೋಗುತ್ತದೆ. ಡೇಟಾವನ್ನು ಎನ್‌ಎಫ್‌ಎಸ್ (ಜಾಲದ ಮೂಲಕ ಹಂಚಿಕೊಳ್ಳುವ ಡಿಸ್ಕ್) ಮೇಲಿಟ್ಟಿದ್ದು, ಸರ್ವರ್ ರೂಟ್ ಸ್ಕ್ವಾಶ್ ಹಾಕಿದ್ದರೆ ಇದೂ ಸೋಲುತ್ತದೆ, ಕ್ಲಸ್ಟರ್‌ನ ರೂಟ್ ಆ ಸರ್ವರ್‌ನ ಕಣ್ಣಿಗೆ ರೂಟೇ ಅಲ್ಲ. ಹೇಗಿದ್ದರೂ ಡೇಟಾಬೇಸ್ ಅನ್ನು ಎನ್‌ಎಫ್‌ಎಸ್ ಮೇಲೆ ಇಡದಿರುವುದೇ ಕ್ಷೇಮ.

ಇನ್ನೊಂದು ಬಗೆಯದು ಒಂದೇ ಸಾಲಿನ ಸಾವು: ಫೇಟಲ್ ಜಿಲಿಬ್‌ಸಿ ಎರರ್, ಸಿಪಿಯು ಎಕ್ಸ್86-64-ವಿ2 ಬೆಂಬಲಿಸುವುದಿಲ್ಲ. ಈ ಇಮೇಜ್‌ಗಳ ತಳಪಾಯ ಸೆಂಟ್‌ಒಎಸ್ ಸ್ಟ್ರೀಮ್ 9. ಅದಕ್ಕೆ ಆ ಮಟ್ಟದ ಪ್ರೊಸೆಸರ್ ಬೇಕೇ ಬೇಕು. ನಿಮ್ಮ ಪ್ರೊಸೆಸರ್ ಹೊಸದೇ ಇರಬಹುದು. ಆದರೆ ಪ್ರಾಕ್ಸ್‌ಮಾಕ್ಸ್‌ನಂಥ ಕಡೆ ವರ್ಚುವಲ್ ಮಷೀನ್‌ಗೆ ಕೆವಿಎಂ64 ಎಂಬ ಹಳೆಯ ಮಾದರಿ ಕೊಟ್ಟಿದ್ದರೆ ಒಳಗೆ ಕಾಣುವುದು ಆ ಹಳೆಯದೇ. ಸಿಪಿಯು ಟೈಪ್ ಅನ್ನು ಹೋಸ್ಟ್ ಎಂದು ಬದಲಿಸಿ, ಮಷೀನ್ ಅನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಒಳಗಿನಿಂದ ರೀಬೂಟ್ ಮಾಡಿದರೆ ಬದಲಾವಣೆ ಹಿಡಿಯುವುದಿಲ್ಲ.

ಪ್ರ: ಟಾಸ್ಕ್ ಪಾಡ್‌ಗೆ ಮೆಮೊರಿ ಹೆಚ್ಚಿಸಲೆಂದು ಡಿಪ್ಲಾಯ್‌ಮೆಂಟ್ ಎಡಿಟ್ ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನಂತಾಗಿರುತ್ತದೆ. ಯಾರೋ ಬೇಕೆಂದೇ ಬದಲಿಸುತ್ತಿದ್ದಾರೆಯೇ?
– ಓದುಗರು, ಬೆಂಗಳೂರು

ಉ: ಬದಲಿಸುತ್ತಿರುವುದು ಆಪರೇಟರ್. ಆ ಡಿಪ್ಲಾಯ್‌ಮೆಂಟ್ (ಪಾಡ್ ಹೇಗಿರಬೇಕೆಂದು ಕ್ಲಸ್ಟರ್‌ಗೆ ಹೇಳುವ ವಿವರ) ನಿಮ್ಮದಲ್ಲ, ಅದರದ್ದು. ಪ್ರತಿ ಸುತ್ತಿನಲ್ಲೂ ಅದು ನಿಮ್ಮ ಎಡಬ್ಲ್ಯುಎಕ್ಸ್ ಕಡತ ಓದಿ, ಅದರ ಪ್ರಕಾರ ಎಲ್ಲವನ್ನೂ ಮತ್ತೆ ಜೋಡಿಸುತ್ತದೆ. ಮಾಲೀಕರ ಪಟ್ಟಿ ನೋಡಿ ಕೆಲಸ ಮಾಡುವ ಮೇಸ್ತ್ರಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಆಗದು, ಪಟ್ಟಿಯನ್ನೇ ತಿದ್ದಬೇಕು.

ನಿಮ್ಮ ಪಟ್ಟಿ ಎಂದರೆ ಸ್ಪೆಕ್. ಟಾಸ್ಕ್_ರಿಸೋರ್ಸ್_ರಿಕ್ವೈರ್‌ಮೆಂಟ್ಸ್, ವೆಬ್_ರಿಸೋರ್ಸ್_ರಿಕ್ವೈರ್‌ಮೆಂಟ್ಸ್, ಇಇ_ರಿಸೋರ್ಸ್_ರಿಕ್ವೈರ್‌ಮೆಂಟ್ಸ್ – ಪ್ರತಿಯೊಂದರ ಕೆಳಗೂ ರಿಕ್ವೆಸ್ಟ್ಸ್, ಲಿಮಿಟ್ಸ್ ಬರೆಯಬಹುದು. ಏನೂ ಬರೆಯದಿದ್ದರೆ ವೆಬ್, ಟಾಸ್ಕ್ ಎರಡಕ್ಕೂ 100 ಮಿಲಿ ಸಿಪಿಯು, 128 ಮೆಬಿಬೈಟ್ ರಿಕ್ವೆಸ್ಟ್ ಇರುತ್ತದೆ. ಇದು ಪಾಡ್‌ಗೆ ನೋಡ್ ಹುಡುಕುವ ಷೆಡ್ಯೂಲರ್‌ಗೆ ಹೇಳುವ ಲೆಕ್ಕ ಮಾತ್ರ. ನಿಜವಾದ ಬಳಕೆ ಒಂದು ಜಿಬಿ ದಾಟುವುದು ಮಾಮೂಲು. ಪುಟ್ಟ ನೋಡ್ ಮೇಲೆ ಎಲ್ಲ ಪಾಡ್‌ಗಳೂ ಹಿಡಿಸಿದಂತೆ ಕಂಡು, ಓಡತೊಡಗಿದ ಮೇಲೆ ಮೆಮೊರಿ ಸಾಲದೆ ಸಾಯುವುದು (ಒಒಎಂಕಿಲ್ಡ್) ಈ ಕಾರಣಕ್ಕೇ. ವೆಬ್, ಟಾಸ್ಕ್‌ಗೆ ಒಂದೊಂದು ಜಿಬಿ ರಿಕ್ವೆಸ್ಟ್, ಎರಡೆರಡು ಜಿಬಿ ಲಿಮಿಟ್ ಇಟ್ಟು ನೋಡಿ.

ನಿಮಗೆ ತುರ್ತಾಗಿ ಏನಾದರೂ ಪ್ರಯೋಗ ಮಾಡಲೇಬೇಕಿದ್ದರೆ ಆಪರೇಟರ್‌ನ ರೆಪ್ಲಿಕಾ ಸಂಖ್ಯೆ ಸೊನ್ನೆಗೆ ಇಳಿಸಿ. ಎಡಬ್ಲ್ಯುಎಕ್ಸ್ ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ. ಮುಗಿದ ಮೇಲೆ ಮತ್ತೆ ಒಂದಕ್ಕೆ ಏರಿಸಲು ಮರೆಯಬೇಡಿ. ಮರೆತವರು ತಿಂಗಳಾದ ಮೇಲೆ ಸ್ಪೆಕ್ ತಿದ್ದಿ, ಏನೂ ಬದಲಾಗುತ್ತಿಲ್ಲವೆಂದು ನಮಗೇ ಬರೆಯುತ್ತಾರೆ.

ಪ್ರ: ಉದ್ದನೆಯ ಜಾಬ್‌ಗಳು ಅರ್ಧದಲ್ಲಿ ಎರರ್ ಆಗಿ ನಿಲ್ಲುತ್ತವೆ. ಸಣ್ಣವುಗಳಿಗೆ ತೊಂದರೆಯಿಲ್ಲ. ಪ್ಲೇಬುಕ್‌ನಲ್ಲಿ ತಪ್ಪಿಲ್ಲ, ಕಮಾಂಡ್ ಲೈನ್‌ನಲ್ಲಿ ಪೂರ್ತಿ ಓಡುತ್ತದೆ.
– ಓದುಗರು, ಬೆಳಗಾವಿ

ಉ: ಕುಬರ್ನೆಟಿಸ್ ಮೇಲೆ ಪ್ರತಿ ಜಾಬ್‌ಗೂ ಆಟೊಮೇಷನ್-ಜಾಬ್ ಎಂದು ಶುರುವಾಗುವ ಹೆಸರಿನ ಪಾಡ್ ಒಂದು ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುತ್ತದೆ. ಟಾಸ್ಕ್ ಪಾಡ್‌ನೊಳಗಿನ ರಿಸೆಪ್ಟರ್ ಆ ಪಾಡ್‌ನ ಲಾಗ್ ಅನ್ನೇ ಸಾಲುಸಾಲಾಗಿ ಓದಿ ಫಲಿತಾಂಶ ತರುತ್ತದೆ. ಲಾಗ್ ಹರಿಯುವುದು ನಿಂತರೆ, ಪ್ಲೇಬುಕ್ ಚೆನ್ನಾಗಿಯೇ ಓಡುತ್ತಿದ್ದರೂ ಜಾಬ್ ಸತ್ತಿತೆಂದೇ ಎಡಬ್ಲ್ಯುಎಕ್ಸ್ ತೀರ್ಮಾನಿಸುತ್ತದೆ. ಹರಿವು ನಿಲ್ಲುವುದು ಎಲ್ಲೆಂದು ಕಂಡುಹಿಡಿಯಲು ಜಾಬ್ ನಿಂತ ಹೊತ್ತು ನೋಡಿ.

ಹೆಚ್ಚುಕಡಿಮೆ ನಾಲ್ಕು ಗಂಟೆಗೆ ಸರಿಯಾಗಿ ನಿಂತರೆ ಕಾರಣ ಕ್ಯೂಬ್‌ಲೆಟ್, ಅಂದರೆ ಪ್ರತಿ ನೋಡ್ ಮೇಲೆ ಪಾಡ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ. ಅದರಲ್ಲಿ ಸ್ಟ್ರೀಮಿಂಗ್ ಸಂಪರ್ಕದ ಅವಧಿ ಮೂಲತಃ 4 ಗಂಟೆ. ಹೊತ್ತಿನ ಲೆಕ್ಕಕ್ಕೆ ಸಿಗದೆ, ಔಟ್‌ಪುಟ್ ಬಹಳ ಇರುವ ಜಾಬ್‌ಗಳು ಮಾತ್ರ ನಿಲ್ಲುತ್ತಿದ್ದರೆ ಲಾಗ್ ಕಡತದ ಸರದಿ ಬದಲಾವಣೆಯೇ ಕಾರಣ: ಕಂಟೇನರ್‌ನ ಲಾಗ್ 10 ಮೆಬಿಬೈಟ್ ದಾಟಿದೊಡನೆ ಕ್ಯೂಬ್‌ಲೆಟ್ ಹೊಸ ಕಡತಕ್ಕೆ ಹೋಗುತ್ತದೆ, ಓದುತ್ತಿದ್ದವನ ಎಳೆ ಅಲ್ಲಿಗೆ ತಪ್ಪುತ್ತದೆ. ವರ್ಬೋಸಿಟಿ 4 ಇಟ್ಟುಕೊಂಡು ನೂರಾರು ಹೋಸ್ಟ್‌ಗಳ ಮೇಲೆ ಓಡಿಸಿದರೆ 10 ಮೆಬಿಬೈಟ್ ಯಾವ ಲೆಕ್ಕ! ಹತ್ತಾರು ನಿಮಿಷ ಏನೂ ಬರೆಯದೆ ಕೂರುವ ಟಾಸ್ಕ್‌ನಲ್ಲಿ ನಿಂತರೆ ಮಧ್ಯದ ಲೋಡ್ ಬ್ಯಾಲೆನ್ಸರ್ ಸಂಪರ್ಕ ಕತ್ತರಿಸುತ್ತಿದೆ ಎಂದು ತಿಳಿಯಿರಿ; ಬಾಡಿಗೆ ಕ್ಲೌಡ್‌ಗಳಲ್ಲಿ ಇದು ಹೆಚ್ಚು.

ಮೊದಲೆರಡಕ್ಕೂ ಮದ್ದು ಒಂದೇ. ಸ್ಪೆಕ್‌ನಲ್ಲಿ ಇಇ_ಎಕ್ಸ್‌ಟ್ರಾ_ಎನ್ವ್ ಕೆಳಗೆ, ಎಲ್ಲ ದೊಡ್ಡಕ್ಷರದಲ್ಲಿ, ರಿಸೆಪ್ಟರ್_ಕ್ಯೂಬ್_ಸಪೋರ್ಟ್_ರೀಕನೆಕ್ಟ್ ಎಂಬ ಹೆಸರು, ಬೆಲೆ ಎನೇಬಲ್ಡ್. ಎಳೆ ತಪ್ಪಿದರೆ ರಿಸೆಪ್ಟರ್ ಬಿಟ್ಟ ಜಾಗದಿಂದ ಮತ್ತೆ ಹಿಡಿಯುತ್ತದೆ. ಕುಬರ್ನೆಟಿಸ್ 1.25.4 ಅಥವಾ ಅದಕ್ಕಿಂತ ಹೊಸದಿದ್ದರೆ ಧೈರ್ಯವಾಗಿ ಹಾಕಿ. ಜೊತೆಗೆ ಕೆ3ಎಸ್‌ನ ಕಾನ್ಫಿಗ್.ಯಾಮಲ್‌ನಲ್ಲಿ ಕ್ಯೂಬ್‌ಲೆಟ್-ಆರ್ಗ್ ಮೂಲಕ ಕಂಟೇನರ್-ಲಾಗ್-ಮ್ಯಾಕ್ಸ್-ಸೈಜ್ ಅನ್ನು 100 ಮೆಬಿಬೈಟ್‌ಗೆ ಏರಿಸಿ, ಸರ್ವಿಸ್ ಮರುಚಾಲನೆ ಮಾಡಿ. ಮೂರನೆಯ ತೊಂದರೆಗೆ ಎಡಬ್ಲ್ಯುಎಕ್ಸ್‌ನ ಜಾಬ್ ಸೆಟ್ಟಿಂಗ್ಸ್‌ನಲ್ಲಿ ರನ್ನರ್ ಕೀಪ್ ಅಲೈವ್ ಅವಧಿ ಇದೆ. 60 ಸೆಕೆಂಡ್ ಕೊಟ್ಟರೆ ನಿಮಿಷಕ್ಕೊಮ್ಮೆ ಒಂದು ಸಂದೇಶ ಹೋಗುತ್ತಿರುತ್ತದೆ.

ಪ್ರ: ಪ್ರಾಜೆಕ್ಟ್ಸ್_ಪರ್ಸಿಸ್ಟೆನ್ಸ್ (ಪ್ಲೇಬುಕ್‌ಗಳನ್ನು ಡಿಸ್ಕ್‌ನಲ್ಲಿ ಉಳಿಸಿಡುವ ಆಯ್ಕೆ) ಹಾಕಿದಾಗಿನಿಂದ ಪಿವಿಸಿ (ಡಿಸ್ಕ್ ಜಾಗದ ಬೇಡಿಕೆ) ಪೆಂಡಿಂಗ್. ಕೆ3ಎಸ್ ಬಳಸುತ್ತಿದ್ದೇವೆ.
– ಓದುಗರು, ಶಿವಮೊಗ್ಗ

ಉ: ಆಪರೇಟರ್ ಆ ಪಿವಿಸಿಗೆ ಮೂಲತಃ ರೀಡ್‌ರೈಟ್‌ಮೆನಿ (ಹಲವು ನೋಡ್‌ಗಳಿಂದ ಒಟ್ಟಿಗೆ ಬರೆಯುವ ಸೌಲಭ್ಯ) ಕೇಳುತ್ತದೆ, ಲೋಕಲ್ ಪಾತ್‌ಗೆ ಅದು ಬಾರದು. ಒಂದೇ ನೋಡ್ ಇದ್ದರೆ ಪ್ರಾಜೆಕ್ಟ್ಸ್_ಸ್ಟೋರೇಜ್_ಆಕ್ಸೆಸ್_ಮೋಡ್: ರೀಡ್‌ರೈಟ್‌ಒನ್ಸ್ ಎಂದು ಬದಲಿಸಿ (ರೀಡ್, ರೈಟ್, ಒನ್ಸ್ ಮೂರರ ಮೊದಲ ಅಕ್ಷರವೂ ದೊಡ್ಡದು). ಹಳೆಯ ಪಿವಿಸಿಯನ್ನು ಅಳಿಸಲೇಬೇಕು, ಇದ್ದುದರ ಮೋಡ್ ತಿದ್ದಲು ಬರುವುದಿಲ್ಲ. ಪ್ಲೇಬುಕ್‌ಗಳು ಹೇಗೂ ಗಿಟ್‌ನಲ್ಲಿದ್ದರೆ ಈ ಆಯ್ಕೆಯೇ ಬೇಕಿಲ್ಲ.

ಪ್ರ: ಹೊಸ ಕ್ಲಸ್ಟರ್‌ಗೆ ಹೋಗುವಾಗ ಪಿಜಿ ಡಂಪ್ (ಡೇಟಾಬೇಸ್‌ನ ನಕಲು) ತೆಗೆದು ಅಲ್ಲಿ ಏರಿಸಿದೆವು. ಲಾಗಿನ್ ಆಗುತ್ತದೆ, ಜಾಬ್ ಟೆಂಪ್ಲೇಟ್‌ಗಳು ಕಾಣುತ್ತವೆ. ಆದರೆ ಯಾವ ಜಾಬ್ ಓಡಿಸಿದರೂ ಇನ್‌ವ್ಯಾಲಿಡ್‌ಟೋಕನ್ ಎರರ್.
– ಓದುಗರು, ದಾವಣಗೆರೆ

ಉ: ಡೇಟಾಬೇಸ್ ಬಂದಿದೆ, ಬೀಗದ ಕೈ ಹಿಂದೆ ಉಳಿದಿದೆ. ಕ್ರೆಡೆನ್ಷಿಯಲ್‌ಗಳಲ್ಲಿನ ಗುಪ್ತಪದ, ಎಸ್‌ಎಸ್‌ಎಚ್ ಕೀಗಳನ್ನು ಎಡಬ್ಲ್ಯುಎಕ್ಸ್ ಗೂಢಲಿಪೀಕರಿಸಿ ಇಡುತ್ತದೆ. ಅದಕ್ಕೆ ಬಳಸುವ ಕೀ ಎಡಬ್ಲ್ಯುಎಕ್ಸ್-ಡೆಮೊ-ಸೀಕ್ರೆಟ್-ಕೀ ಎಂಬ ಸೀಕ್ರೆಟ್‌ನಲ್ಲಿರುತ್ತದೆ, ಡೇಟಾಬೇಸ್‌ನಲ್ಲಿ ಇರುವುದಿಲ್ಲ. ಹೊಸ ಕ್ಲಸ್ಟರ್‌ನಲ್ಲಿ ಆಪರೇಟರ್ ತನ್ನದೇ ಹೊಸ ಕೀ ಹುಟ್ಟಿಸಿದೆ. ಬಳಕೆದಾರರ ಗುಪ್ತಪದಗಳು ಹ್ಯಾಶ್ ಆಗಿರುವುದರಿಂದ ಅವಕ್ಕೆ ಈ ಕೀ ಬೇಡ. ಅದಕ್ಕೇ ಲಾಗಿನ್ ಆಗಿ, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ.

ಹಳೆಯ ಕ್ಲಸ್ಟರ್ ಇನ್ನೂ ಇದ್ದರೆ ಆ ಸೀಕ್ರೆಟ್‌ನ ಸೀಕ್ರೆಟ್_ಕೀ ಬೆಲೆಯನ್ನು ತಂದು, ಹೊಸದರಲ್ಲಿ ಅದೇ ಹೆಸರಿನ ಸೀಕ್ರೆಟ್‌ಗೆ ಹಾಕಿ, ವೆಬ್ ಮತ್ತು ಟಾಸ್ಕ್ ಪಾಡ್‌ಗಳನ್ನು ಮರುಚಾಲನೆ ಮಾಡಿ. ಏರಿಸಿದ ಮೇಲೆ ಹೊಸ ಕೀಯಿಂದ ಯಾವುದಾದರೂ ಕ್ರೆಡೆನ್ಷಿಯಲ್ ಉಳಿಸಿದ್ದರೆ ಅದನ್ನು ಮಾತ್ರ ಮತ್ತೆ ತುಂಬಬೇಕು. ಹಳೆಯದು ಅಳಿಸಿಹೋಗಿದ್ದರೆ ಬೇರೆ ದಾರಿಯಿಲ್ಲ: ಪ್ರತಿ ಕ್ರೆಡೆನ್ಷಿಯಲ್ ತೆರೆದು ಗುಪ್ತಪದಗಳನ್ನು ಕೈಯಿಂದಲೇ ತುಂಬಬೇಕು.

ಮುಂದಿನ ಸಲ ಆಪರೇಟರ್‌ಗೇ ಹೇಳಿ ಮಾಡಿಸಿ. ಕೈಂಡ್ ಎಡಬ್ಲ್ಯುಎಕ್ಸ್‌ಬ್ಯಾಕಪ್ (ಎಡಬ್ಲ್ಯುಎಕ್ಸ್ ಪೂರ್ತಿ, ಬ್ಯಾಕಪ್‌ನ ಬಿ ದೊಡ್ಡಕ್ಷರ), ಸ್ಪೆಕ್‌ನಲ್ಲಿ ಡಿಪ್ಲಾಯ್‌ಮೆಂಟ್_ನೇಮ್: ಎಡಬ್ಲ್ಯುಎಕ್ಸ್-ಡೆಮೊ. ಇದು ಡಂಪ್, ಸೀಕ್ರೆಟ್‌ಗಳು, ನಿಮ್ಮ ಸ್ಪೆಕ್ ಮೂರನ್ನೂ ಒಂದು ಪಿವಿಸಿಗೆ ಬರೆಯುತ್ತದೆ. ಮರಳಿ ತರಲು ಎಡಬ್ಲ್ಯುಎಕ್ಸ್‌ರಿಸ್ಟೋರ್ (ಇಲ್ಲೂ ಎಡಬ್ಲ್ಯುಎಕ್ಸ್ ಪೂರ್ತಿ, ರಿಸ್ಟೋರ್‌ನ ಆರ್ ದೊಡ್ಡಕ್ಷರ). ಆದರೆ ಪಿವಿಸಿ ಇರುವುದು ಅದೇ ಕ್ಲಸ್ಟರ್‌ನಲ್ಲಿ. ಅದರೊಳಗಿನ ಫೋಲ್ಡರ್ ಅನ್ನು ಹೊರಗೆ ನಕಲು ಮಾಡುವ ಕೆಲಸ ನಿಮ್ಮದೇ. ಆವೃತ್ತಿ ಏರಿಸುವ ಮುಂಚೆಯೂ ಇದನ್ನೇ ಮಾಡಿ. ಡೇಟಾಬೇಸ್ ಒಮ್ಮೆ ಮುಂದಿನ ಆವೃತ್ತಿಗೆ ಮೈಗ್ರೇಟ್ ಆದರೆ, ರೆಫ್ ಸಂಖ್ಯೆಯನ್ನು ಹಿಂದಕ್ಕಿಟ್ಟ ಮಾತ್ರಕ್ಕೆ ಹಿಂದೆ ಬರುವುದಿಲ್ಲ.

ಪ್ರ: ಎಲ್ಲ ಪಾಡ್ ಓಡುತ್ತಿವೆ, ವೆಬ್ ಪಾಡ್ ಮಾತ್ರ 2/3. ಲಾಗ್‌ನಲ್ಲಿ ಅಡ್ರೆಸ್ ಫ್ಯಾಮಿಲಿ ನಾಟ್ ಸಪೋರ್ಟೆಡ್ ಎಂದಿದೆ.
– ಓದುಗರು, ದುಬೈ

ಉ: ನೋಡ್‌ನ ಕರ್ನಲ್‌ನಲ್ಲಿ ಐಪಿವಿ6 ಆರಿಸಿದ್ದೀರಿ, ಒಳಗಿನ ವೆಬ್ ಸರ್ವರ್ ಎಂಜಿನ್‌ಎಕ್ಸ್ ಅದರ ಮೇಲೂ ಕಿವಿಗೊಡಲು ನೋಡಿ ಸೋಲುತ್ತಿದೆ. ಸ್ಪೆಕ್‌ನಲ್ಲಿ ಐಪಿವಿ6_ಡಿಸೇಬಲ್ಡ್: ಟ್ರೂ.

ಪ್ರ: ಹೊಸ ಬಿಡುಗಡೆಗಳು ನಿಂತಿವೆಯಂತೆ. ಈಗ ಇದನ್ನು ಕಲಿಯುವುದರಲ್ಲಿ ಅರ್ಥವಿದೆಯೇ?
– ಓದುಗರು, ತುಮಕೂರು

ಉ: 2024ರ ಜುಲೈನಲ್ಲಿ 24.6.1 ಬಂದ ಮೇಲೆ, ಒಳರಚನೆಯನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸುವ ಸಲುವಾಗಿ ಬಿಡುಗಡೆಗಳನ್ನು ತಡೆಹಿಡಿಯುವುದಾಗಿ ತಂಡ ಹೇಳಿತು. ಕಲಿಕೆಗೆ, ಕಚೇರಿಯ ಒಳಬಳಕೆಗೆ ಧಾರಾಳವಾಗಿ ಬಳಸಿ. ರೆಡ್ ಹ್ಯಾಟ್ ಮಾರುವ ಆನ್ಸಿಬಲ್ ಆಟೊಮೇಷನ್ ಪ್ಲಾಟ್‌ಫಾರ್ಮ್‌ಗೂ ಎಡಬ್ಲ್ಯುಎಕ್ಸ್‌ಗೂ ಬೇರು ಒಂದೇ, ಕಲಿತದ್ದು ಅಲ್ಲಿಗೂ ಬರುತ್ತದೆ. ಆದರೆ ಇಂಟರ್‌ನೆಟ್‌ಗೆ ನೇರ ತೆರೆದಿಡುವ ಸರ್ವರ್‌ಗೆ ಭದ್ರತಾ ತೇಪೆ ಬಾರದ ಆವೃತ್ತಿ ಬೇಡ. ವಿಪಿಎನ್ ಹಿಂದೆ ಇರಲಿ. ಓಡಿಸುವುದು ಐದಾರು ಪ್ಲೇಬುಕ್, ಓಡಿಸುವವರು ಇಬ್ಬರೇ ಎಂದಾದರೆ ಕುಬರ್ನೆಟಿಸ್‌ನ ಗೊಡವೆಯೇ ಬೇಡ. ಕ್ರಾನ್, ಗಿಟ್ ಸಾಕು.

ಪ್ರ: ಎಡಬ್ಲ್ಯುಎಕ್ಸ್-ಡೆಮೊ ಅಳಿಸಿದರೆ ಡೇಟಾ ಹೋಗುತ್ತದೆಯೇ?
– ಓದುಗರು, ಕಲಬುರಗಿ

ಉ: ಎಡಬ್ಲ್ಯುಎಕ್ಸ್ ರಿಸೋರ್ಸ್ ಒಂದನ್ನೇ ಅಳಿಸಿದರೆ ಪಾಡ್‌ಗಳು ಹೋಗುತ್ತವೆ, ಪೋಸ್ಟ್‌ಗ್ರೆಸ್‌ನ ಪಿವಿಸಿಯೂ ಸೀಕ್ರೆಟ್‌ಗಳೂ ಉಳಿಯುತ್ತವೆ. ಗಾರ್ಬೇಜ್_ಕಲೆಕ್ಟ್_ಸೀಕ್ರೆಟ್ಸ್ ಟ್ರೂ ಮಾಡಿದ್ದರೆ ಸೀಕ್ರೆಟ್‌ಗಳೂ ಹೋಗುತ್ತವೆ. ಎರಡೂ ಉಳಿದಿದ್ದರೆ, ಅದೇ ಹೆಸರಿನಲ್ಲಿ ಮತ್ತೆ ಅಪ್ಲೈ ಕೊಟ್ಟಾಗ ಹಳೆಯ ಡೇಟಾ ಹಿಡಿದೇ ಏಳುತ್ತದೆ. ನೇಮ್‌ಸ್ಪೇಸ್ ಅನ್ನೇ ಅಳಿಸಿದರೆ ಪಿವಿಸಿಯೂ ಅಳಿಯುತ್ತದೆ, ಲೋಕಲ್ ಪಾತ್ ಡಿಸ್ಕ್‌ನ ಫೋಲ್ಡರ್ ಅನ್ನೂ ತೆಗೆದುಹಾಕುತ್ತದೆ.